ಬರ್ಮಿಂಗ್‌ಹ್ಯಾಮ್ ನಾಲೆ ದಂಡೆಯಲ್ಲಿ ಅಪ್ಪ ಅಮ್ಮನ ಜೊತೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ ಹೊಸದರಲ್ಲಿ ನಾನು ಇಲ್ಲಿನ ನಾಲೆಗಳನ್ನು ನೋಡಿದ್ದು ಒಂದು ಶನಿವಾರ ಸಂಜೆ. ಆಫೀಸಿನವರ ಜೊತೆ ಬ್ರಿಂಡ್ಲಿಪ್ಲೇಸ್‌ನಲ್ಲಿ ಊಟ ಇತ್ತು. ಜನವೋ ಜನ. ಗಲಾಟೆಯಲ್ಲಿ ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ನೀರಿನ ಪಕ್ಕ ಒಂದಷ್ಟು ಹೋಟೆಲ್, ಇಷ್ಟೇ ಅಲ್ವಾ ಎಂದುಕೊಂಡು ಮನೆಗೆ ಬಂದೆ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಮಂಡ್ಯದಿಂದ ಅಪ್ಪ ಅಮ್ಮ ಬಂದರು. ಅಪ್ಪ ವಿ.ಸಿ. ನಾಲೆಯ ಕೊನೇ ಭಾಗದ ರೈತರು. ಭತ್ತ, ಕಬ್ಬು ಬೆಳೆದವರು. ನಾಲೆಗೆ ನೀರು ಬಿಟ್ಟರೆ ಟಾರ್ಚ್ ಹಿಡಿದು ರಾತ್ರಿಯಿಡೀ ತೂಬಿನ ಹತ್ತಿರ ಕಾದವರು. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು, ಈಗ ಮಂಡಿ ನೋವು. ಅಪ್ಪನಿಗೆ ಮಾಲ್ ತೋರಿಸಿದೆ, ಹತ್ತು ನಿಮಿಷಕ್ಕೇ ಸಾಕಾಯಿತು. ಹಾಗಾಗಿ ನಾಲೆಗೆ ಕರೆದುಕೊಂಡು ಹೋಗೋಣ ಅನ್ನಿಸಿತು. ಈ ಸಲ ಸುಮ್ನೆ ಹೊರಡಲಿಲ್ಲ. ಒಂದು ವಾರ ಓದಿದೆ, ಒಂದು ದಿನ ಒಬ್ಬಳೇ ಹೋಗಿ ನಡೆದು ನೋಡಿ ಬಂದೆ. ಅಮ್ಮ ಎಲ್ಲೆಲ್ಲಿ ಕೂರಬಹುದು, ಎಲ್ಲಿ ಮೆಟ್ಟಿಲು ಇದೆ, ಎಲ್ಲ ಗುರುತು ಹಾಕಿಕೊಂಡೆ.

ಹೋಗಿದ್ದು ಮಂಗಳವಾರ ಬೆಳಿಗ್ಗೆ. ವಾರದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿ ಬಾತುಕೋಳಿಗಳು, ಸೈಕಲ್ಲಿನವರು, ದೋಣಿಯಲ್ಲೇ ಸಂಸಾರ ಮಾಡುವವರು, ಇಷ್ಟೇ ಜನ. ಟ್ರಾಮ್‌ನಲ್ಲಿ ಬ್ರಿಂಡ್ಲಿಪ್ಲೇಸ್ ಸ್ಟಾಪಿಗೆ ಇಳಿದೆವು. ಆದರೆ ಹೋಟೆಲುಗಳ ಕಡೆ ತಿರುಗದೆ ನೇರವಾಗಿ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ ಹೋದೆವು. ಬೇಸಿನ್ ಅಂದರೆ ದೋಣಿಗಳು ನಿಲ್ಲುವ ಅಗಲವಾದ ನೀರಿನ ಜಾಗ. ಊರಿನ ಮೊದಲ ಗ್ಯಾಸ್ ಬೀದಿದೀಪಗಳು ಉರಿದದ್ದು ಈ ಬೀದಿಯಲ್ಲಿ ಎನ್ನುತ್ತಾರೆ.

ಬೇಸಿನ್ ಮಧ್ಯೆ ಒಂದು ಕಟ್ಟೆ ಇದೆ. ವೂಸ್ಟರ್ ಬಾರ್ ಅಂತ ಹೆಸರು. ಅಗಲ 7 ಅಡಿ ಚಿಲ್ಲರೆ. ಎರಡೂ ಕಡೆ ನೀರು, ಎರಡೂ ಕಡೆ ಬಣ್ಣ ಬಳಿದ ಉದ್ದನೆಯ ದೋಣಿಗಳು. ಎಷ್ಟೋ ಜನ ಅದರ ಮೇಲೇ ನಡೆದುಹೋಗುತ್ತಾರೆ, ಏನದು ಅಂತ ಕೇಳುವುದಿಲ್ಲ. ಅಪ್ಪ ಕೇಳಿದರು. "ಎರಡು ಕಡೆನೂ ನೀರಿದೆ. ಮಧ್ಯ ಏರಿ ಯಾಕೆ ಹಾಕವ್ರೆ?"

ಇದಕ್ಕೆ ಉತ್ತರ ಓದಿಕೊಂಡೇ ಹೋಗಿದ್ದೆ. ಈ ಕಡೆಯದು ಬರ್ಮಿಂಗ್‌ಹ್ಯಾಮ್ ಕೆನಾಲ್. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮಾಡಿದ್ದು, 1769ರಲ್ಲಿ ಊರಿಗೆ ಕಲ್ಲಿದ್ದಲು ತಂದಿತು. ಆಮೇಲೆ ಇನ್ನೊಂದು ಕಂಪನಿ ವೂಸ್ಟರ್ ಕಡೆಗೆ ಹೊಸ ನಾಲೆ ತೋಡಿತು. ತಮ್ಮ ನೀರು ಹೊಸ ನಾಲೆಗೆ ಹರಿದುಹೋಗುತ್ತದೆ ಎಂದು ಹಳೆಯವರಿಗೆ ಭಯ. ಸೇರಿಸಲು ಒಪ್ಪಲೇ ಇಲ್ಲ. ಹೀಗಾಗಿ ಸುಮಾರು 20 ವರ್ಷ ಒಂದು ದೋಣಿಯ ಸಾಮಾನನ್ನು ಕೂಲಿಗಳು ಇಳಿಸಿ, ಈ 7 ಅಡಿ ದಾಟಿಸಿ, ಆ ಕಡೆಯ ದೋಣಿಗೆ ತುಂಬಬೇಕಿತ್ತು. 1815ರಲ್ಲಿ ಕೊನೆಗೂ ಕಟ್ಟೆಯಲ್ಲಿ ಒಂದು ಸಣ್ಣ ದಾರಿ ಬಿಟ್ಟು ಬಾಗಿಲು ಇಟ್ಟರು.

ಅಪ್ಪ ಕಟ್ಟೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎರಡು ಸಲ ನಡೆದರು. "ತೂಬಿನ ಜಗಳವೇ ಕಣವ್ವ ಇದು. ಮೇಲ್ಗಡೆಯವರು ಯಾವತ್ತು ಬಿಟ್ಟವ್ರೆ?" ಅಂದರು. ಆಮೇಲೆ ಇಡೀ ದಿನ ಅವರು ಒಮ್ಮೆಯೂ ಮನೆಗೆ ಹೋಗೋಣ ಅನ್ನಲಿಲ್ಲ. ಯಾರನ್ನು ಕರೆದುಕೊಂಡು ಹೋದರೂ ಈಗ ನಾನು ಈ ಕಟ್ಟೆಯಿಂದಲೇ ಶುರು ಮಾಡುತ್ತೇನೆ.

ಅಲ್ಲಿಂದ ಬ್ರಾಡ್ ಸ್ಟ್ರೀಟ್ ಕೆಳಗೆ ಹಾದು ಹೋದರೆ ನೀರಿನ ಸರ್ಕಲ್ ಒಂದು ಸಿಗುತ್ತದೆ, ಓಲ್ಡ್ ಟರ್ನ್ ಜಂಕ್ಷನ್. ನಾಲೆಗಳು ಕೂಡುವ ಜಾಗ. ನಡುವೆ ಪುಟ್ಟ ದುಂಡನೆಯ ದ್ವೀಪ. ಚೆಂದಕ್ಕೆ ಮಾಡಿದ್ದು ಅನ್ನಿಸುತ್ತದೆ, ಆದರೆ ಅಲ್ಲ. ಈ ನಾಲೆಯ ಕೆಳಗೆ ರೈಲು ಸುರಂಗ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ನಾಲೆ ಒಡೆದರೆ ನೀರು ಸುರಂಗಕ್ಕೆ ನುಗ್ಗುತ್ತಿತ್ತು. ತಕ್ಷಣ ತಡೆಬಾಗಿಲು ಹಾಕಿ ನೀರು ನಿಲ್ಲಿಸಲು ಅನುಕೂಲವಾಗಲಿ ಅಂತ ಈ ದ್ವೀಪ ಕಟ್ಟಿದರು. ಅದೇ ಸುರಂಗದ ಸದ್ದು ಕೇಳಬಾರದೆಂದೇ ಪಕ್ಕದ ಸಿಂಫನಿ ಹಾಲ್ ಕಟ್ಟುವಾಗ ಇಡೀ ಸಭಾಂಗಣವನ್ನು ರಬ್ಬರ್ ದಿಂಬುಗಳ ಮೇಲೆ ಕೂರಿಸಿದ್ದಾರೆ. ನಾನು ಅಲ್ಲಿ ಸಂಗೀತ ಕೇಳಿದ್ದೇನೆ. ಕೆಳಗೆ ರೈಲು ಓಡುತ್ತಿದೆ ಅಂದರೆ ನಂಬುವುದೇ ಕಷ್ಟ, ಅಷ್ಟು ನಿಶ್ಶಬ್ದ.

ಅಮ್ಮನಿಗೆ ಇಷ್ಟವಾಗಿದ್ದು ಬೇರೆ. ಒಂದು ಸೇತುವೆಯ ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಇತ್ತು, ಅದರ ತುಂಬ ಉದ್ದುದ್ದ ಗೀರು. ಬೆರಳಿಟ್ಟು ನೋಡಿದರು, ಅರ್ಧ ಬೆರಳು ಒಳಗೆ ಹೋಯಿತು. ದೋಣಿ ಎಳೆಯುತ್ತಿದ್ದದ್ದು ಕುದುರೆಗಳು. ಒದ್ದೆ ಹಗ್ಗಕ್ಕೆ ಮರಳು ಮೆತ್ತಿಕೊಂಡು, ವರ್ಷಗಟ್ಟಲೆ ಉಜ್ಜಿ ಉಜ್ಜಿ ಕಬ್ಬಿಣವೇ ಸವೆದಿದೆ. ನಮ್ಮೂರ ಬಾವಿಕಟ್ಟೆಯ ಕಲ್ಲಿನ ಮೇಲೂ ಹಗ್ಗದ ಗುರುತು ಹೀಗೇ ಇತ್ತು ಎಂದು ಅಮ್ಮ ನೆನಪು ಮಾಡಿಕೊಂಡರು.

"ಮೊದಲಿಂದಲೂ ಇಷ್ಟು ಚೊಕ್ಕಟವಾಗಿತ್ತಾ?" ಎಂದು ಅಮ್ಮ ಕೇಳಿದರು. ಇಲ್ಲ. ರೈಲು, ಲಾರಿ ಬಂದ ಮೇಲೆ ನಾಲೆಗೆ ಕೆಲಸ ಕಡಿಮೆಯಾಯಿತು. 1960ರ ದಶಕದ ಹೊತ್ತಿಗೆ ಸಾಮಾನು ಸಾಗಣೆ ಹೆಚ್ಚುಕಡಿಮೆ ನಿಂತೇಹೋಯಿತು. ಕಾರ್ಖಾನೆಗಳ ಹಿತ್ತಿಲಲ್ಲಿ ಕಪ್ಪು ನೀರು ನಿಂತಿತ್ತು. ಗ್ಯಾಸ್ ಸ್ಟ್ರೀಟ್‌ನ ಕೆಲವು ಹಳೇ ಗೋದಾಮುಗಳನ್ನು ಕೆಡವಿಯೂ ಆಗಿತ್ತು. ಆಮೇಲೆ ಊರಿನವರ ಮನಸ್ಸು ಬದಲಾಯಿತು. 1991ರಲ್ಲಿ ಸಿಂಫನಿ ಹಾಲ್ ಬಂತು, ಅದರ ಹಿಂದೆಯೇ ಬ್ರಿಂಡ್ಲಿಪ್ಲೇಸ್. ಹೊಸ ಕಟ್ಟಡಗಳು ಎದ್ದರೂ ಕಟ್ಟೆ, ಲಾಕ್ (ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲಿನ ತೊಟ್ಟಿ), ಹಳೇ ಇಟ್ಟಿಗೆ ದಾರಿ ಉಳಿದವು. ನನಗೆ ಈ ಜಾಗ ಇಷ್ಟವಾಗಲು ಅದೇ ಕಾರಣ. ಅವು ಹೋಗಿದ್ದರೆ ಅಪ್ಪನಿಗೆ ತೋರಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಮಧ್ಯಾಹ್ನ ಇಕಾನ್ ಗ್ಯಾಲರಿಗೆ ಹೋದೆವು. 1877ರ ಶಾಲೆಯ ಕಟ್ಟಡ, 1998ರಿಂದ ಅಲ್ಲಿ ಇಂದಿನ ಕಲಾವಿದರ ಚಿತ್ರ ಪ್ರದರ್ಶನ. ಟಿಕೆಟ್ ಇಲ್ಲ. ಅಮ್ಮ ಚಿತ್ರಗಳಿಗಿಂತ ಕಿಟಕಿಗಳನ್ನೇ ಜಾಸ್ತಿ ನೋಡಿದರು. "ಇಂಥ ಬೆಳಕಿದ್ದಿದ್ದರೆ ನಮ್ಮ ಮಕ್ಕಳು ಬೋರ್ಡ್ ಕಾಣಲ್ಲ ಅಂತಿರಲಿಲ್ಲ" ಎಂದರು. ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ನೀರಿನ ಪಕ್ಕದ ಬೆಂಚಿನಲ್ಲಿ ಕೂತು ಚಿತ್ರಾನ್ನ, ಮೊಸರನ್ನ ತಿಂದೆವು. ಹೆಬ್ಬಾತುಗಳು ಹತ್ತಿರ ಬರುತ್ತವೆ, ಅನ್ನ ಹಾಕಬೇಡಿ, ಆಮೇಲೆ ಬಿಡುವುದಿಲ್ಲ. ಬರ್ಮಿಂಗ್‌ಹ್ಯಾಮ್ ಲೈಬ್ರರಿಯೂ ಹತ್ತಿರವೇ. ಲಿಫ್ಟ್ ಇದೆ, ಶೌಚಾಲಯ ಇದೆ, 7ನೇ ಮಹಡಿಯ ತೋಟದಿಂದ ಊರು ಕಾಣುತ್ತದೆ. ತೆರೆದಿರುವ ಸಮಯ ಮೊದಲೇ ನೋಡಿಕೊಳ್ಳಿ, ಭಾನುವಾರ ನಂಬಿಕೊಂಡು ಹೋಗಬೇಡಿ.

ಕೊನೆಗೆ ಫಾರ್ಮರ್ಸ್ ಬ್ರಿಡ್ಜ್ ಲಾಕ್‌ಗಳು. ಇದನ್ನು ಕೊನೆಗಿಟ್ಟಿದ್ದು ಬೇಕಂತಲೇ. ಸಾಲಾಗಿ 13 ಲಾಕ್, ದಾರಿಯುದ್ದಕ್ಕೂ ಇಳಿಜಾರು. ಇಳಿಯುವುದು ಸುಲಭ, ಮತ್ತೆ ಹತ್ತುವುದು ಮಂಡಿಗೆ ಕಷ್ಟ. ಅಮ್ಮನನ್ನು ಮೇಲೆ ಕೇಂಬ್ರಿಯನ್ ವಾರ್ಫ್‌ನಲ್ಲಿ ಕೂರಿಸಿ ನಾವಿಬ್ಬರೇ ಇಳಿದೆವು. ಸೇತುವೆ ಕೆಳಗೆ ದಾರಿ ಕಿರಿದು. ಸೈಕಲ್ ಬೆಲ್ ಕೇಳಿದರೆ ಗೋಡೆ ಕಡೆ ನಿಲ್ಲಿ, ನೀರಿನ ಕಡೆ ಬೇಡ.

ಅದೃಷ್ಟಕ್ಕೆ ಒಂದು ದೋಣಿ ಕೆಳಗೆ ಹೋಗುತ್ತಿತ್ತು. ಗಂಡ ದೋಣಿಯಲ್ಲಿ, ಹೆಂಡತಿ ದಂಡೆಯಲ್ಲಿ. ತುಂಬಿದ ಲಾಕ್‌ಗೆ ದೋಣಿ ಬಂತು. ಎರಡೂ ಪಕ್ಕ ಒಂದು ಗೇಣೂ ಉಳಿಯಲಿಲ್ಲ. ಹಿಂದಿನ ಬಾಗಿಲು ಮುಚ್ಚಿ, ಆಕೆ ಕಬ್ಬಿಣದ ಹಿಡಿಕೆ ಸಿಕ್ಕಿಸಿ ತಿರುಗಿಸಿದರು. ಕೆಳಗಿನ ಬಾಗಿಲಿನ ಪುಟ್ಟ ಹಲಗೆ ಮೇಲೆದ್ದಿತು, ನೀರು ಭೋರೆಂದು ಹೊರಗೆ ನುಗ್ಗಿತು. "ತೂಬು ಎತ್ತಿದಂಗೇ" ಅಂದರು ಅಪ್ಪ. ದೋಣಿ ಮೆಲ್ಲಗೆ ಬಾವಿಗಿಳಿದಂತೆ ಇಳಿಯಿತು. ಗಂಡನ ಟೋಪಿ ಮಾತ್ರ ಕಾಣುತ್ತಿತ್ತು. ಎರಡೂ ಕಡೆ ನೀರು ಸಮ ಆಗುವವರೆಗೆ ಬಾಗಿಲು ಅಲುಗುವುದಿಲ್ಲ. ಸಮ ಆದ ಮೇಲೆ ಆಕೆ ಅಪ್ಪನ ಕಡೆ ನೋಡಿ, ತಳ್ಳುತ್ತೀರಾ ಎಂದು ಕೈಸನ್ನೆ ಮಾಡಿದರು.

ಬಾಗಿಲಿಗೆ ದಪ್ಪ ಮರದ ತೊಲೆ ಇರುತ್ತದೆ. ಅದಕ್ಕೆ ಬೆನ್ನು ಕೊಟ್ಟು ತಳ್ಳಬೇಕು. ನೆಲದಲ್ಲಿ ಕಮಾನಿನ ಆಕಾರದಲ್ಲಿ ಕೆಲವು ಇಟ್ಟಿಗೆ ಎದ್ದುಕೊಂಡಿರುತ್ತವೆ, ಕಾಲು ಜಾರದ ಹಾಗೆ. ಅಪ್ಪ ಹಿಮ್ಮಡಿಯನ್ನು ಒಂದೊಂದೇ ಇಟ್ಟಿಗೆಗೆ ಊರಿ ತಳ್ಳಿದರು. ಬಾಗಿಲು ನೀರಿನೊಳಗೆ ಸದ್ದಿಲ್ಲದೆ ತೆರೆಯಿತು. ದೋಣಿಯಾತ ಕೈಬೀಸಿದ. ಅಪ್ಪನೂ ಬೀಸಿದರು.

ಒಂದು ದೋಣಿ ಇಳಿದರೆ ಲಕ್ಷ ಲೀಟರಿನ ಹತ್ತಿರ ನೀರು ಕೆಳಗೆ ಹೋಗುತ್ತದೆ ಎಂದೆ. ಅಪ್ಪ ಅಲ್ಲೇ ನಿಂತುಬಿಟ್ಟರು. "ಹಂಗಾದ್ರೆ ಮೇಲಕ್ಕೆ ನೀರು ಎಲ್ಲಿಂದ?" ಹಿಂದೆ ಸ್ಮೆಥಿಕ್ ಎಂಬಲ್ಲಿ ಬೋಲ್ಟನ್ ಮತ್ತು ವಾಟ್ ಅವರ ಉಗಿ ಎಂಜಿನ್ ಅಲ್ಲಿನ ಲಾಕ್‌ಗಳಿಂದ ಕೆಳಗಿಳಿದ ನೀರನ್ನು ಮತ್ತೆ ಮೇಲೆತ್ತುತ್ತಿತ್ತು. 1779ರ ಆ ಎಂಜಿನ್ ಈಗ ಇಲ್ಲಿನ ಥಿಂಕ್‌ಟ್ಯಾಂಕ್ ಮ್ಯೂಸಿಯಂನಲ್ಲಿದೆ. ಇದರ ಜೊತೆ ಕೆರೆ ಇದೆ ಅಂದೆ. ಎಂಜಿನ್ ವಿಷಯ ಅವರ ಕಿವಿಗೆ ಬೀಳಲೇ ಇಲ್ಲ. "ಕೆರೆ ಎಲ್ಲಿ?"

ಮಾರನೇ ದಿನ ಎಜ್‌ಬಾಸ್ಟನ್ ರಿಸರ್ವಾಯರ್‌ಗೆ ಹೋದೆವು. 1820ರ ದಶಕದಲ್ಲಿ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ದೊಡ್ಡದು ಮಾಡಿಸಿದ ಕೆರೆ, ಇವತ್ತಿಗೂ ನಾಲೆಗೆ ನೀರು ಕೊಡುತ್ತದೆ. ನಾನು ಅಂದುಕೊಂಡಿದ್ದು ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂತ. ಅಪ್ಪ ಸುತ್ತು ಹಾಕಲಿಲ್ಲ. ಏರಿ ಮೇಲೆ ನಿಂತು ಮಟ್ಟ ನೋಡಿದರು, ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಹುಡುಕಿದರು. ಆಮೇಲೆ ನನ್ನ ಫೋನ್ ಇಸಿದುಕೊಂಡು ಊರಿಗೆ ಕರೆ ಮಾಡಿ, ನಾಲೆಗೆ ನೀರು ಬಿಟ್ಟರಾ ಎಂದು ಚಿಕ್ಕಪ್ಪನನ್ನು ಕೇಳಿದರು.