ಎಸ್ಟೇಟ್ ಜೀಪಿಗೆ ವ್ಯಾಗನ್-ಆರ್ ಸ್ಟೀರಿಂಗ್ ಮೋಟಾರ್: ನನ್ನ ಅನುಭವ

"ಸಂತೆಗೆ ಹೋಗುವ ಕಾರಿನ ಮೋಟಾರು ಜೀಪಿನ ಟೈರ್ ತಿರುಗಿಸುತ್ತದಾ?" ಮೂಡಿಗೆರೆಯಲ್ಲಿ ನಾಲ್ಕು ಮೆಕ್ಯಾನಿಕ್‌ಗಳನ್ನು ಕೇಳಿದೆ, ನಾಲ್ವರೂ ಇದನ್ನೇ ಹೇಳಿ ನಕ್ಕರು. ವ್ಯಾಗನ್-ಆರ್ ಕಾರಿನ ವಿದ್ಯುತ್ ಪವರ್ ಸ್ಟೀರಿಂಗ್ ಮೋಟಾರನ್ನು ನನ್ನ ಎಸ್ಟೇಟ್ ಜೀಪಿಗೆ ಕೂರಿಸಬಹುದಾ ಅಂತ ನಾನು ಕೇಳಿದ್ದೆ. ಆದರೂ ಕೂರಿಸಿದೆ, ಈಗ ಆ ಜೀಪು ಎರಡು ಮಳೆಗಾಲ ಕಳೆದಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಮಹೀಂದ್ರ ಎಂಎಂ 540 ಜೀಪು, ಪೂಜೋ ಡೀಸೆಲ್ ಇಂಜಿನ್. ತೋಟದ ದಾರಿಯಲ್ಲಿ ನಿಂತಲ್ಲೇ ತಿರುಗಿಸಬೇಕಾದರೆ ಬಲಭುಜ ಕಳಚಿ ಬಂದ ಹಾಗಾಗುತ್ತಿತ್ತು. ಮೊದಲು ಎಲ್ಲರ ಹಾಗೆ ಎಣ್ಣೆ ಒತ್ತಡದ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಹಾಕಿಸಲು ಹೋದೆ. ದೊಡ್ಡ ಗಾಡಿಯೊಂದರ ಹಳೇ ಬಾಕ್ಸ್, ಪಂಪ್, ಹೋಸ್, ಅದಕ್ಕೊಂದು ಬ್ರಾಕೆಟ್. ಬೆಲ್ಟ್ ಲೈನಿಗೆ ಬರಲೇ ಇಲ್ಲ, ಎಣ್ಣೆ ಸೋರಿದ್ದು ನಿಲ್ಲಲೇ ಇಲ್ಲ. ಹದಿನಾರೋ ಹದಿನೇಳೋ ಸಾವಿರ ನೀರಿಗೆ ಹಾಕಿದ ಹಾಗಾಯಿತು. ಮನೆಯಲ್ಲಿ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ಮೋಟಾರು ಸಾಲದು ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಕಾರಿನಲ್ಲಿ ಕಾಲಂ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬ) ನೇರವಾಗಿ ಟೈರ್ ತಳ್ಳುವ ಹಲ್ಲಿನ ಸಲಾಕೆಗೆ, ಅಂದರೆ ರ್‍ಯಾಕ್ ಪಿನಿಯನ್‌ಗೆ ಹೋಗುತ್ತದೆ, ಹೆಚ್ಚಿನ ಬಲ ಮೋಟಾರೇ ಕೊಡಬೇಕು. ಜೀಪಿನಲ್ಲಿ ಕೆಳಗೆ ಗೇರ್ ಬಾಕ್ಸ್ ಇದೆ, ಅದಾಗಲೇ ಬಲ ಹೆಚ್ಚಿಸಿ ಕೊಡುತ್ತದೆ. ಕಾಲಂ ಕೊಡಬೇಕಾದ ಬಲ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೌದು, ಇಂಥ ವಿದ್ಯುತ್ ಪವರ್ ಸ್ಟೀರಿಂಗ್, ಅಂದರೆ ಇಪಿಎಸ್, ಮೊದಲು ಬಂದದ್ದು ಪುಟ್ಟ ಗಾಡಿಗೇ, 1988ರಲ್ಲಿ ಜಪಾನಿನ ಸುಜುಕಿ ಸರ್ವೋಗೆ. ಅದಕ್ಕೇ ಜನ ಅದನ್ನು ಆಟಿಕೆ ಅಂದುಕೊಂಡಿದ್ದಾರೆ. ನಾನು ಸ್ಟೀರಿಂಗ್ ಅಂಚಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದೆ. ಸಿಮೆಂಟ್ ಕಣದ ಮೇಲೆ ನಿಂತ ಜೀಪಿಗೆ ಸುಮಾರು 12 ಕೆಜಿ ಬೇಕಿತ್ತು. ಈಗ ಎರಡೂವರೆ ಸಾಕು.

ಶಿವಾಜಿನಗರದ ಗುಜರಿಯಲ್ಲಿ ಹಳೇ ವ್ಯಾಗನ್-ಆರ್ ಕಾಲಂ, ಮೋಟಾರ್, ಇಸಿಯು (ಮೋಟಾರನ್ನು ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿ), ಕತ್ತರಿಸದ ವೈರಿಂಗ್ ಸಮೇತ 4,500ಕ್ಕೆ ಸಿಕ್ಕಿತು. ವೈರಿಂಗ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ತೀರಾ ಹೊಸ ಗಾಡಿಯದ್ದೂ ಬೇಡ. ಅವು ಇಂಜಿನ್ ಇಸಿಯು ಜೊತೆ ಕ್ಯಾನ್ ಬಸ್ ಅನ್ನುವ ಡೇಟಾ ವೈರಿನಲ್ಲಿ ಮಾತಾಡುತ್ತವೆ, ನಮ್ಮ ಜೀಪಿನಲ್ಲಿ ಮಾತಾಡುವವರು ಯಾರಿದ್ದಾರೆ?

ಆ ಮೊದಲನೇ ಕಾಲಂ ಕೆಡಿಸಿದ್ದು ನಾನೇ. ಜಾಯಿಂಟ್ ಒಳಗೆ ಹೋಗಲಿಲ್ಲ ಅಂತ ಸುತ್ತಿಗೆಯಲ್ಲಿ ಎರಡು ಕೊಟ್ಟೆ. ಒಳಗಿನ ಟಾರ್ಷನ್ ಬಾರ್ ಅನ್ನುವ ತೆಳು ಸರಳು ತಿರುಚುವುದನ್ನೇ ಸೆನ್ಸಾರ್ ಅಳೆಯುವುದು ಅಂತ ಗೊತ್ತಿದ್ದೂ ಹೊಡೆದೆ. ಆಮೇಲೆ ಕೈ ಬಿಟ್ಟರೆ ಸ್ಟೀರಿಂಗ್ ತಾನೇ ಎಡಕ್ಕೆ ಹೋಗುತ್ತಿತ್ತು, ದೆವ್ವ ಹಿಡಿದ ಹಾಗೆ. ಮೀಟರ್ ಇಟ್ಟರೆ ಎರಡು ಸಿಗ್ನಲ್‌ಗಳೂ ನಡುವಿನಲ್ಲಿ 2.5 ವೋಲ್ಟ್ ಇರಬೇಕಾದದ್ದು ಒಂದು 2.8, ಇನ್ನೊಂದು 2.2 ತೋರಿಸಿತು. ಇನ್ನೊಂದು ಕಾಲಂ, ಇನ್ನೊಂದು 5,000. ಈ ಸಲ ಲೇತಿನವನ ಹತ್ತಿರ ಸ್ಪ್ಲೈನ್ (ಒಂದಕ್ಕೊಂದು ಕೂರುವ ಉದ್ದ ಹಲ್ಲು) ಇರುವ ಜೋಡಣೆಯ ಕಪ್ಲರ್ ಮಾಡಿಸಿದೆ. ಶಾಫ್ಟಿಗೆ ವೆಲ್ಡಿಂಗ್ ಮಾತ್ರ ಮಾಡಿಸಲಿಲ್ಲ, ಘಾಟಿಯಲ್ಲಿ ಅದು ಬಿಟ್ಟರೆ ಕಥೆ ಮುಗಿಯಿತು, ಅಲ್ವಾ? ಬ್ರಾಕೆಟ್ಟೂ ಎರಡು ಸಲ ಮಾಡಬೇಕಾಯಿತು. 3 ಎಂಎಂ ತಗಡಿಗೆ ಕಟ್ಟಿದಾಗ ಮೋಟಾರು ಚಕ್ರದ ಬದಲು ಡ್ಯಾಶನ್ನೇ ತಿರುಗಿಸುತ್ತಿತ್ತು.

ನಿಜವಾದ ಗೋಳು ಸಿಗ್ನಲ್‌ನದ್ದು. ಎಲ್ಲ ಜೋಡಿಸಿ ಕೀ ಹಾಕಿದರೆ ಎಚ್ಚರಿಕೆಯ ಲೈಟ್ ಉರಿಯಿತು, ಆರಲೇ ಇಲ್ಲ, ಸ್ಟೀರಿಂಗ್ ಕಲ್ಲು. ಇಂಜಿನ್ ಓಡುತ್ತಿದೆ ಅಂತ ಗೊತ್ತಾಗದೆ ಇಸಿಯು ಮೋಟಾರಿಗೆ ಕರೆಂಟ್ ಬಿಡುವುದಿಲ್ಲ, ಇಲ್ಲದಿದ್ದರೆ ಬ್ಯಾಟರಿ ಖಾಲಿ. ಪೆಟ್ರೋಲ್ ಗಾಡಿಯಾದರೆ ಆ ಸಿಗ್ನಲ್ ಅನ್ನು ಕಿಡಿ ಕೊಡುವ ಕಾಯಿಲ್‌ನಿಂದ ತೆಗೆಯಬಹುದು. ಡೀಸೆಲ್‌ಗೆ ಏನು ಮಾಡುವುದು? ಎರಡು ಭಾನುವಾರ ತಲೆ ಕೆರೆದುಕೊಂಡು ಕೊನೆಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಬ್ಲ್ಯೂ ಟರ್ಮಿನಲ್‌ನಿಂದ ವೈರ್ ಎಳೆದೆ, ಇಂಜಿನ್ ತಿರುಗಿದಂತೆ ಅಲ್ಲಿ ಪಲ್ಸ್ ಬರುತ್ತದೆ. ಆ ಪಲ್ಸ್ ತುಂಬಾ ಜಾಸ್ತಿ, ಇಸಿಯು ಒಪ್ಪುವುದಿಲ್ಲ. ನಡುವೆ ಪಲ್ಸ್ ಎಣಿಸುವ 4017 ಐಸಿ ಇಟ್ಟು ಭಾಗಿಸಿದೆ. ಎಷ್ಟರಿಂದ ಅಂತ ಹೇಳುವುದಿಲ್ಲ, ಅದನ್ನು ಕಂಡುಹಿಡಿಯಲು ನನಗೆ ಒಂದು ತಿಂಗಳು ಹಿಡಿದಿದೆ.

ಇಸಿಯುಗೆ ಗಾಡಿಯ ವೇಗ ತಿಳಿಸುವ ಸ್ಪೀಡ್ ಸಿಗ್ನಲ್ಲೂ ಬೇಕು. ಅದಕ್ಕೆ ಮೊದಲು 555 ಅನ್ನುವ ಟೈಮರ್ ಐಸಿಯಲ್ಲಿ ಸುಮ್ನೆ ಒಂದೇ ಲೆಕ್ಕದ ಪಲ್ಸ್ ಕೊಟ್ಟೆ. ತೋಟದಲ್ಲಿ ಬೆಣ್ಣೆ. ಚಾರ್ಮಾಡಿ ಇಳಿದು ನೆಟ್ಟಗಿನ ರಸ್ತೆಯಲ್ಲಿ 60 ಹಿಡಿದಾಗ ಜೀವ ಬಾಯಿಗೆ ಬಂತು, ಬೆರಳು ಅಲ್ಲಾಡಿದರೆ ಜೀಪು ಅಲ್ಲಾಡುತ್ತದೆ. ವೇಗ ಏರಿದಂತೆ ಮೋಟಾರು ಕೈ ಹಿಂದೆಗೆಯಬೇಕು, ಅದಕ್ಕೆ ನಿಜವಾದ ವೇಗ ತಿಳಿಯಲೇಬೇಕು. ಈಗ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಫ್ಲ್ಯಾಂಜಿಗೆ ಮ್ಯಾಗ್ನೆಟ್, ಪಕ್ಕದಲ್ಲಿ ಅದು ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸಾರ್. ಕೆಸರು ಮೆತ್ತಿದರೂ ಕೆಲಸ ಮಾಡುತ್ತದೆ. ಮ್ಯಾಗ್ನೆಟ್ ಎಷ್ಟು ಅನ್ನುವುದೂ ನನ್ನ ಹತ್ತಿರವೇ ಇರಲಿ.

ಕರೆಂಟಿನ ವಿಷಯದಲ್ಲಿ ಜಿಪುಣತನ ಬೇಡ. ನಿಂತಲ್ಲೇ ಪೂರ್ತಿ ತಿರುಗಿಸಿದಾಗ ನನ್ನ ಕ್ಲ್ಯಾಂಪ್ ಮೀಟರ್ 35ರಿಂದ 40 ಆಂಪ್ ತೋರಿಸಿತು. ಹಳೇ ಆಲ್ಟರ್ನೇಟರ್‌ನಲ್ಲಿ ಹೆಡ್‌ಲೈಟ್ ಚಿಮಣಿ ದೀಪ ಆಗುತ್ತಿತ್ತು. 3,500 ಕೊಟ್ಟು ದೊಡ್ಡದು ಹಾಕಿದೆ, ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್, ಇಂಜಿನ್ನಿಗೇ ಅರ್ಥ್.

ಆಮೇಲೆ ಬಂತು ಜುಲೈ. ಈ ಸಾಮಾನೆಲ್ಲ ಮುಚ್ಚಿದ ಕಾರಿನೊಳಗೆ ಇರಲು ಮಾಡಿದ್ದು, ನಮ್ಮ ಜೀಪಿಗೆ ಬಾಗಿಲೇ ಇಲ್ಲ. ಇಸಿಯು ಕನೆಕ್ಟರಿಗೆ ನೀರು ಇಳಿದು ಹಸಿರು ಕಟ್ಟಿತು. ನಾನು ಜಾಣ ಅಂತ ಅದನ್ನು ಪ್ಲಾಸ್ಟಿಕ್ ಊಟದ ಡಬ್ಬಿಯಲ್ಲಿಟ್ಟು ಸೀಲ್ ಮಾಡಿದೆ. ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿದರೆ ಸ್ಟೀರಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಗುತ್ತಿತ್ತು. ಬಿಸಿಯಾದರೆ ಇಸಿಯು ತಾನಾಗಿಯೇ ಕರೆಂಟ್ ಇಳಿಸುತ್ತದೆ, ಅದರ ಲೋಹದ ಮೈಗೆ ಗಾಳಿ ಬೇಕು. ಈಗ ಕನೆಕ್ಟರಿಗೆ ಗ್ರೀಸ್ ತುಂಬಿ, ಬಾಯಿ ಕೆಳಗೆ ಮಾಡಿ, ಅಲ್ಯುಮಿನಿಯಂ ತಗಡಿಗೆ ಬಿಗಿದು ಡ್ಯಾಶ್ ಹಿಂದೆ ಎತ್ತರದಲ್ಲಿ ಕೂರಿಸಿದ್ದೇನೆ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದು ಸ್ವಲ್ಪ ಕಮ್ಮಿಯಾಗಿತ್ತು. ಮೋಟಾರು, ಅದರ ಬಲವನ್ನು ಕಾಲಂಗೆ ದಾಟಿಸುವ ವರ್ಮ್ ಗೇರ್ ಎಲ್ಲವನ್ನೂ ಟೈರೇ ತಳ್ಳಿ ತಿರುಗಿಸಬೇಕಲ್ಲ. ಮುಂದಿನ ಸ್ಪ್ರಿಂಗ್ ಪಟ್ಟಿ ಮತ್ತು ಆಕ್ಸಲ್ ನಡುವೆ ಎರಡು ಡಿಗ್ರಿ ಬೆಣೆ ಕೊಟ್ಟು ಕ್ಯಾಸ್ಟರ್ (ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಿದೆ. ಮೂರು ಡಿಗ್ರಿಯೂ ನೋಡಿದೆ, ಮುಂದಿನ ಪ್ರೊಪೆಲ್ಲರ್ ಜಾಯಿಂಟ್ ಗುಂಯ್ ಅಂದಿತು, ತೆಗೆದೆ.

ಕೆಟ್ಟ ಕಾಲಂ ಬಿಟ್ಟು ಒಟ್ಟು ಖರ್ಚು ಸುಮಾರು 17 ಸಾವಿರ. ಗಾಡಿಯಲ್ಲಿ ಮಾರ್ಪಾಡು ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಅದನ್ನು ಓದಿಕೊಂಡೇ ಕೈ ಹಾಕಿ. ಮೋಟಾರು ಬಂದ್ ಆದರೂ ಸ್ಟೀರಿಂಗ್ ಹಳೇ ಹಾಗೆ ಕೈಯಲ್ಲಿ ತಿರುಗುತ್ತದಾ ಅಂತ ಫ್ಯೂಸ್ ಕಿತ್ತು ಓಡಿಸಿ ನೋಡಿ, ಆಮೇಲೆ ರಸ್ತೆಗೆ ತನ್ನಿ.

ಈಗ ಚಳಿಯ ಬೆಳಿಗ್ಗೆ ಮಾತ್ರ ಒಂದು ಟಕ್ ಟಕ್ ಶಬ್ದ ಬರುತ್ತಿದೆ. ಮೋಟಾರಿಗೂ ವರ್ಮ್‌ಗೂ ನಡುವಿನ ಕಪ್ಲಿಂಗ್ ಸವೆದಿರಬೇಕು. ಕೊಯ್ಲು ಮುಗಿಯಲಿ, ಬಿಚ್ಚುತ್ತೇನೆ.