ಕಾರ್ಬನ್ ಫೈಬರ್‌ಗೆ ಚೊಕ್ಕ ತೂತು ಬೇಕಾ? ಮೊದಲು ಅಡಿಯ ಹಲಗೆ ನೋಡಿ

ಮುಂದಿನಿಂದ ನೋಡಿದರೆ ತೂತು ಗುಂಡಗೆ, ಚೊಕ್ಕವಾಗಿರುತ್ತದೆ. ತಿರುಗಿಸಿದರೆ ಸವೆದ ಪೊರಕೆಯಂತೆ ಕರಿ ಎಳೆಗಳು ಕೆದರಿಕೊಂಡಿರುತ್ತವೆ. ಡ್ರೋನ್ ಪ್ಲೇಟನ್ನು ಹೀಗೆ ಕೆಡಿಸಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಮೊದಮೊದಲು ನಾನೂ ಕೆಡಿಸಿದ್ದೇನೆ. ಎಲ್ಲರೂ ಬಯ್ಯುವುದು ಡ್ರಿಲ್ ಬಿಟ್‌ಗೆ. ತಪ್ಪಿರುವುದು ಮಾತ್ರ ಹಾಳೆಯ ಅಡಿಯಲ್ಲಿ. ಅಲ್ಲಿ ಆಸರೆಗೆ ಏನೂ ಇಟ್ಟಿರುವುದಿಲ್ಲ!

ಮೊದಲು ಎನ್‌95 ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್ ಸಾಲದು. ವ್ಯಾಕ್ಯೂಮ್ ಕೊಳವೆಯನ್ನು ಬಿಟ್ ಪಕ್ಕದಲ್ಲೇ ಹಿಡಿಯಿರಿ, ಪುಡಿಯನ್ನು ಬಾಯಿಂದ ಊದಬೇಡಿ. ಈ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಸರ್ಕ್ಯೂಟ್ ಬೋರ್ಡ್ ಜೋಡಿಸಿದ ಮೇಲೆ ಕೊರೆಯುವುದು ಬೇಡವೇ ಬೇಡ.

ಬಿಟ್ ಪೂರ್ತಿ ಕಾರ್ಬೈಡ್‌ದೇ (ಉಕ್ಕಿಗಿಂತ ಬಹಳ ಗಟ್ಟಿ ವಸ್ತು) ಇರಲಿ. ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕಿನ) ಬಿಟ್ ಕೆಲವೇ ತೂತುಗಳಿಗೆ ಮೊಂಡಾಗುತ್ತದೆ. ಆಮೇಲೆ ಅದು ನಾರನ್ನು ಕತ್ತರಿಸುವುದಿಲ್ಲ, ತಳ್ಳುತ್ತದೆ. ಬಂಗಾರದ ಬಣ್ಣದ 'ಟೈಟಾನಿಯಂ' ಬಿಟ್ ಸೆಟ್ ನೋಡಿ ಮರುಳಾಗಬೇಡಿ. ಸಾಮಾನ್ಯವಾಗಿ ಆ ತೆಳು ಲೇಪದ ಒಳಗಿರುವುದು ಅದೇ ಎಚ್‌ಎಸ್‌ಎಸ್. ಕಾರ್ಬೈಡ್‌ಗೂ ಒಂದು ಕೆಟ್ಟ ಗುಣವಿದೆ: ಕೈ ಸ್ವಲ್ಪ ವಾಲಿದರೂ ಟಕ್ಕಂತ ಮುರಿಯುತ್ತದೆ. ಡ್ರಿಲ್ ಸ್ಟ್ಯಾಂಡ್ ಇದ್ದರೆ ಅದನ್ನೇ ಬಳಸಿ.

ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಪೆನ್ನಿನಲ್ಲಿ ಗುರುತು ಮಾಡಿ. ಸೆಂಟರ್ ಪಂಚ್ (ಗುರುತಿಗೆ ಗುಳಿ ಹಾಕುವ ಚೂಪು ಮೊನೆಯ ಉಳಿ) ಬೇಡ, ಅದನ್ನಿಟ್ಟು ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಪದರ ಬಿರಿಯುತ್ತದೆ. ಅಂಚಿನಿಂದ ತೂತಿನ ನಡುವಿಗೆ ತೂತಿನ ಅಗಲದ ಮೂರು ಪಟ್ಟಾದರೂ ಜಾಗ ಬಿಡಿ.

ಇನ್ನು ಹಲಗೆಯ ವಿಷಯ. ಕಾರ್ಬನ್ ಫೈಬರ್ ಹಾಳೆ ಅಂದರೆ ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಅಂಟಿಸಿದ ನಾರಿನ ಪದರಗಳು. ಬಿಟ್ ಮೇಲಿನ ಪದರ ಕೊರೆಯುವಾಗ ಕೆಳಗಿನವು ಆಸರೆ ಕೊಡುತ್ತವೆ. ಕೊನೆಯ ಒಂದೆರಡು ಪದರಕ್ಕೆ ಬಂದಾಗ ಆಸರೆ ಮುಗಿಯಿತು. ಆಗ ನಿಮ್ಮ ಕೈಯ ಒತ್ತಡಕ್ಕೆ ಆ ಪದರ ಕತ್ತರಿಸಿಕೊಳ್ಳುವ ಮೊದಲೇ ಕಿತ್ತುಕೊಂಡು ಹೊರಬರುತ್ತದೆ. ಇದನ್ನು ತಡೆಯಲು ಅಡಿಗೆ ಸಪಾಟಾದ ಪ್ಲೈವುಡ್ ಅಥವಾ ಎಂಡಿಎಫ್ ಇಟ್ಟು, ತೂತಿನ ಎರಡೂ ಪಕ್ಕ ಹತ್ತಿರದಲ್ಲೇ ಕ್ಲ್ಯಾಂಪ್ ಬಿಗಿಯಿರಿ. ನಡುವೆ ಉಗುರು ತೂರುವಷ್ಟು ಸಂದಿ ಇದ್ದರೂ ಹಲಗೆ ಇಟ್ಟು ಪ್ರಯೋಜನವಿಲ್ಲ. ಪ್ರತಿ ತೂತಿಗೂ ಹಲಗೆಯನ್ನು ಸರಿಸಿ ಹೊಸ ಜಾಗ ಕೊಡಿ. ಹಳೆಯ ತೂತಿನ ಮೇಲೇ ಕೊರೆದರೆ ಹಲಗೆ ಇಲ್ಲದ ಹಾಗೇ ಅಲ್ವಾ? ಕೊರೆಯುವುದು ಹಾಳೆಯಲ್ಲ, ಕಾರ್ಬನ್ ಕೊಳವೆಯಾದರೆ ಒಳಗೆ ಬಿಗಿಯಾಗಿ ಕೂರುವ ಮರದ ಕಡ್ಡಿ ತೂರಿಸಿ. ಟೇಪ್ ಒಂದೇ ಸಾಕು ಅನ್ನುವವರ ಮಾತು ಕೇಳಬೇಡಿ. ಟೇಪ್ ಎಳೆಗಳನ್ನು ಒಂದಿಷ್ಟು ಹಿಡಿಯುತ್ತದೆ, ಒತ್ತಡವನ್ನು ತಡೆಯುವುದಿಲ್ಲ.

3 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ 3,000 ಸುತ್ತು ಅಥವಾ ಅದಕ್ಕಿಂತ ಜಾಸ್ತಿ ವೇಗ ಇರಲಿ. ಕೈ ಮಾತ್ರ ಹಗುರ. ಹಾಗಂತ ಬಿಟ್ಟನ್ನು ಒಂದೇ ಕಡೆ ಸುಮ್ನೆ ತಿರುಗಿಸುತ್ತಾ ನಿಲ್ಲಬೇಡಿ, ಬಿಸಿಯಾಗುತ್ತದೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಹಲವು ಎಪಾಕ್ಸಿ ರೆಸಿನ್‌ಗಳು 60–70 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗತೊಡಗುತ್ತವೆ. ಬಿಟ್ ಸುತ್ತ ಕರಿ ಪುಡಿ ಏಳುತ್ತಿರುತ್ತದೆ. ತೂತು ಮುಗಿಯುತ್ತಾ ಬಂತು ಅನ್ನಿಸಿದಾಗ ಒತ್ತಡ ಅರ್ಧಕ್ಕಿಳಿಸಿ. ಕರಿ ಪುಡಿಯ ಜೊತೆ ಕಂದು ಮರದ ಪುಡಿ ಕಾಣಿಸಿಕೊಂಡರೆ ಬಿಟ್ ಹಲಗೆಗೆ ಇಳಿದಿದೆ ಎಂದರ್ಥ. ಇನ್ನೊಂದೆರಡು ಮಿ.ಮೀ. ಇಳಿಸಿ, ತಿರುಗುತ್ತಿರುವಾಗಲೇ ಮೇಲಕ್ಕೆತ್ತಿ.

ದೊಡ್ಡ ತೂತಿಗೆ ಮೊದಲು 3 ಮಿ.ಮೀ., ಆಮೇಲೆ ಹಂತಹಂತವಾಗಿ ದೊಡ್ಡದು. ಸೈಕಲ್ ಫೋರ್ಕ್, ಹ್ಯಾಂಡಲ್‌ಬಾರ್‌ಗೆ ಮಾತ್ರ ಎಷ್ಟೇ ಚಿಕ್ಕ ತೂತೂ ಬೇಡ. ಅವು ಮುರಿದರೆ ಬೀಳುವುದು ನೀವೇ.

ಟೇಪನ್ನು ತೂತಿನ ಕಡೆಗೆ ಎಳೆದು ಬಿಚ್ಚಿ. ಅಂಚನ್ನು 400 ನಂಬರಿನ ವಾಟರ್ ಪೇಪರ್ ನೆನೆಸಿ ಉಜ್ಜಿ. ಒಣಗಿದ ಮೇಲೆ ತೂತಿನ ಒಳಗೋಡೆಗೆ ತೆಳು ಸೂಪರ್ ಗ್ಲೂ ಸವರಿ, ಬಿಚ್ಚಿಕೊಂಡ ನಾರು ನೀರು ಹೀರುವುದಿಲ್ಲ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂನದು ಹಾಕಿ. ಕಾರ್ಬನ್‌ಗೆ ತಾಗಿದ ಅಲ್ಯೂಮಿನಿಯಂ ಬೋಲ್ಟ್ ತೇವ ಬಿದ್ದರೆ ಬಿಳಿ ಪುಡಿಗಟ್ಟಿ ಸವೆಯುತ್ತದೆ.