ತೋಡಿದ್ದು 14 ಇಂಗುಬಾವಿ, ಕೆಲಸಕ್ಕೆ ಬಂದಿದ್ದು 11

"ಬಾವಿಯಲ್ಲಿ ನೀರು ಸಿಗೋ ಕಾಲ ಮುಗೀತು ಸ್ವಾಮಿ, ಇನ್ನೊಂದು ಬೋರ್ ಹೊಡೆಸಿ" ಅಂದವರು ಒಬ್ಬಿಬ್ಬರಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಬಡಾವಣೆಯ ಸಂಘದ ಮೀಟಿಂಗಿನಲ್ಲಿ ಕೈ ಎತ್ತಿಸಿದಾಗ ಇಂಗುಬಾವಿಗೆ, ಅಂದರೆ ಮಳೆನೀರನ್ನು ನೆಲದೊಳಗೆ ಇಂಗಿಸೋ ಬಾವಿಗೆ, ಬಿದ್ದಿದ್ದು ಆರೇ ವೋಟು, ನನ್ನದೂ ಸೇರಿ. ಇವತ್ತು ಅದೇ ಜನ ನೆಂಟರನ್ನು ಕರಕೊಂಡು ಬಂದು ಬಾವಿ ತೋರಿಸುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ಬೆಂಗಳೂರಿನ ಸರ್ಜಾಪುರ ರಸ್ತೆಯ ಒಳಗಡೆ 72 ಮನೆಗಳ ಬಡಾವಣೆ. ಎಲ್ಲ 30x40 ಅಡಿ ಸೈಟು. ಎರಡು ಬೋರ್ ಇದ್ದವು. 900 ಅಡಿಯದು 2023ರಲ್ಲಿ ಮಳೆ ಕೈಕೊಟ್ಟ ಮೇಲೆ ಒಣಗಿತು. ಇನ್ನೊಂದು ದಿನಕ್ಕೆ 12 ಸಾವಿರ ಲೀಟರ್ ಕೊಟ್ಟು ಉಸಿರು ಬಿಡುತ್ತಿತ್ತು. ನಮಗೆ ಬೇಕಿದ್ದದ್ದು 35 ಸಾವಿರ. ಉಳಿದಿದ್ದಕ್ಕೆ ಟ್ಯಾಂಕರ್. 2024ರಲ್ಲಿ ಜಿಲ್ಲಾಡಳಿತ 6 ಸಾವಿರ ಲೀಟರಿನ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂ. ಅಂತ ದರ ಕಟ್ಟಿತ್ತು. ನಮ್ಮ ಗೇಟಿಗೆ ಬರುವಾಗ ಅದು 1,200 ಆಗಿರುತ್ತಿತ್ತು. ಚೌಕಾಸಿ ಮಾಡಿದರೆ ಗಾಡಿ ಪಕ್ಕದ ಬೀದಿಗೆ ಹೋಗುತ್ತಿತ್ತು. ತಿಂಗಳಿಗೆ ಒಂದೂವರೆ ಲಕ್ಷದ ಹತ್ತಿರ ಬಂತು.

"ಕಾವೇರಿ ಐದನೇ ಹಂತ ಬರುತ್ತಲ್ಲ, ಕಾಯೋಣ" ಅನ್ನೋದು ಇನ್ನೊಂದು ವಾದ. ಊರಿಗೆ ಕಾವೇರಿ ನೀರು ತರೋ ಆ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯೂ ಆಯಿತು. ನಮ್ಮ ಬೀದಿಗೆ ಕೊಳವೆ ಇನ್ನೂ ಬಂದಿಲ್ಲ. ಬಂದರೂ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ 100 ಕಿ.ಮೀ. ದೂರ, ಸುಮಾರು 500 ಮೀಟರ್ ಮೇಲಕ್ಕೆ ತಳ್ಳಿದ ನೀರು ಅದು. ತಲೆ ಮೇಲೆ ಬೀಳೋ ಮಳೆಯನ್ನು ಚರಂಡಿಗೆ ಬಿಟ್ಟು ಅದಕ್ಕೆ ಕಾಯೋದು ನನಗೆ ಒಪ್ಪಿಗೆಯಾಗಲಿಲ್ಲ. ಜಲಮಂಡಳಿ ಮಳೆಕೊಯ್ಲು ಕಡ್ಡಾಯ ಮಾಡಿದ್ದು 2009ರಲ್ಲಿ. ನಮ್ಮ ಮನೆಗಳಲ್ಲೂ ಮಳೆಕೊಯ್ಲು ಇತ್ತು, ಫೋಟೊ ತೆಗೆಯೋಕೆ ಸಾಕಾಗುವಷ್ಟು.

ನನಗೆ ಧೈರ್ಯ ಬಂದಿದ್ದು ಕೋಲಾರದಿಂದ. ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು, 2018ರಲ್ಲಿ ಅಲ್ಲಿನ ಕೆರೆಗಳಿಗೆ ಬಿಟ್ಟ ಮೇಲೆ ನಮ್ಮ ಭಾವನ ತೋಟದ ಬೋರ್ ಮತ್ತೆ ನೀರು ಕಂಡಿತ್ತು. ಆ ನೀರಿನ ಗುಣಮಟ್ಟದ ಜಗಳ ಬೇರೆ, ಅದಕ್ಕೆ ಇಲ್ಲಿ ಹೋಗೋದಿಲ್ಲ. ಮೇಲೆ ನಿಂತ ನೀರು ಕೆಳಗೆ ಇಳಿಯುತ್ತೆ ಅನ್ನೋದನ್ನ ಕಣ್ಣಾರೆ ಕಂಡಿದ್ದೆ, ಅಷ್ಟೇ.

ಮೊದಲ ಎಡವಟ್ಟು ನನ್ನದಲ್ಲ, ಆದರೆ ಸಹಿ ನನ್ನದೇ. 2022ರಲ್ಲಿ ಒಬ್ಬ ಕಂಟ್ರಾಕ್ಟರ್ ಮಾತು ಕೇಳಿ ತಾರಸಿ ನೀರನ್ನು ನೇರ ಬೋರಿನ ಕೇಸಿಂಗ್ ಪೈಪಿನೊಳಗೆ ಇಳಿಸಿದ್ದೆವು. ಒಂದೇ ಮಳೆಗಾಲಕ್ಕೆ ನಲ್ಲಿಯಲ್ಲಿ ಕೆಂಪು ನೀರು. 45 ಸಾವಿರ ಹೋಯಿತು. ದಯವಿಟ್ಟು ಯಾರೂ ಆ ದಾರಿ ಹಿಡಿಯಬೇಡಿ.

ಈ ಸಲ ಬಾವಿ ತೋಡುವ ಮಣ್ಣು ಒಡ್ಡರನ್ನೇ ಕರೆಸಿದೆ. ಜೆಸಿಬಿ ಬೇಡ. ಹಿರಿಯರೊಬ್ಬರು ಬಂದು ಹಾರೆಯನ್ನು ಹತ್ತಾರು ಕಡೆ ನೆಲಕ್ಕೆ ಕುಕ್ಕಿ ನೋಡಿದರು. "ಇಲ್ಲಿ ಗರಸು ಐತೆ ಸಾರ್, ಕುಡಿತೈತೆ. ಆ ಮೂಲೆ ಬ್ಯಾಡಿ, ಬಂಡೆ." ನಾನು ಲೇಔಟ್ ಪ್ಲಾನ್ ಹಿಡಕೊಂಡು, ನೀರು ಹರಿಯೋದು ಆ ಮೂಲೆಗೇ ಅಲ್ವಾ ಅಂತ ಹಟ ಹಿಡಿದೆ. ಏಳೇ ಅಡಿಗೆ ಬಂಡೆ. ಮರುದಿನ ಹತ್ತು ಅಡಿ ಆಚೆ ಇನ್ನೊಂದು. ಅಲ್ಲೂ ಬಂಡೆ. ಅವರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಬೀಡಿ ಹಚ್ಚಿದರು. ಆಮೇಲೆ ಜಾಗ ಅವರೇ ಗುರುತು ಮಾಡಿದರು.

ಬಾವಿಯ ಅಳತೆ: 3 ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗು. ಒಂದು ಬಾವಿಗೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತೆ. 25 ಮಿ.ಮೀ. ಮಳೆ ಬಿದ್ದರೆ ನಮ್ಮ ತಾರಸಿಗಳಿಂದಲೇ ಒಂದೂವರೆ ಲಕ್ಷ ಲೀಟರಿಗಿಂತ ಜಾಸ್ತಿ ಬರುತ್ತೆ. ಅಂದರೆ ಬಾವಿ ಎಷ್ಟು ಹಿಡಿಯುತ್ತೆ ಅನ್ನೋದಕ್ಕಿಂತ ಎಷ್ಟು ಬೇಗ ಕುಡಿಯುತ್ತೆ ಅನ್ನೋದು ಮುಖ್ಯ. ಅದನ್ನ ನೋಡೋಕೆ ಏಪ್ರಿಲ್‌ನಲ್ಲಿ ನನ್ನ ಕೈಯಿಂದ ಕಾಸು ಕೊಟ್ಟು ಅರ್ಧ ಟ್ಯಾಂಕರ್ ನೀರನ್ನು ಹೊಸ ಬಾವಿಗೆ ಸುರಿಸಿದೆ. ಬರಗಾಲದಲ್ಲಿ ನೀರನ್ನು ಗುಂಡಿಗೆ ಸುರಿದ ಹುಚ್ಚ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ನನ್ನದೇ ಮಾತು. ಬೆಳಗ್ಗೆ ಆರಕ್ಕೆ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಒದ್ದೆ ಮಣ್ಣು ಮಾತ್ರ.

ಮೂರನೇ ಸೋಲು ಜಲ್ಲಿಯದು. ಒಂದು ಬಾವಿಗೆ ತಳದಿಂದ ಬಾಯಿವರೆಗೂ 40 ಎಂ.ಎಂ. ಜಲ್ಲಿ ತುಂಬಿಸಿದೆ, ಫಿಲ್ಟರ್ ಆಗುತ್ತೆ ಅಂತ. ಮೇ ತಿಂಗಳ ಎರಡೇ ಮಳೆಗೆ ಹೂಳು ಕೂತು ಗಾರೆ ಹಾಕಿದ ಹಾಗೆ ಬಿಗಿಯಿತು. ಕ್ಲೀನ್ ಮಾಡೋಕೆ ಒಳಗೆ ಇಳಿಯೋದು ಹೇಗೆ? ಅದನ್ನ ಬಿಟ್ಟೇಬಿಟ್ಟೆವು. ಬಾವಿ ಖಾಲಿ ಇರಬೇಕು. ಹೂಳನ್ನ ಹೊರಗೇ, ನೀರು ಬಾವಿಗೆ ಬೀಳೋ ಮುಂಚೆ ಹಾದುಬರೋ ತೊಟ್ಟಿಯಲ್ಲೇ (ಚೇಂಬರ್) ತಡೀಬೇಕು. ನನ್ನ ಚೇಂಬರ್ 3 ಅಡಿ ಚೌಕ, ನಡುವೆ ಎರಡು ಅಡ್ಡಗೋಡೆ. ಎರಡನೇ ಗುಂಡಿಯಲ್ಲಿ ಏನು ಹಾಕಿದ್ದೇನೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ಬಂದವರಿಗೆ ಸ್ಲ್ಯಾಬ್ ಎತ್ತಿ ತೋರಿಸುತ್ತೇನೆ. ಇದ್ದಿಲು ಅಲ್ಲ, ಅದನ್ನೂ ಹಾಕಿ ನೋಡಿದೆ, ದಂಡ.

ನಿಜವಾದ ತಲೆನೋವು ಶುರುವಾಗಿದ್ದು ಬಾವಿ ಮುಗಿದ ಮೇಲೆ. ಮೊದಲ ದೊಡ್ಡ ಮಳೆಯ ರಾತ್ರಿ ಖುಷಿಯಿಂದ ಮುಚ್ಚಳ ಸರಿಸಿದರೆ ಮೂಗಿಗೆ ಬಡಿದಿದ್ದು ಸೋಪಿನ ಪುಡಿ ವಾಸನೆ. ನೀರಿನ ಮೇಲೆ ಒಂದು ಗೇಣು ನೊರೆ! ಮಳೆನೀರಿನ ಮೋರಿಗೆ ಯಾರೋ ವಾಷಿಂಗ್ ಮೆಷಿನ್ ನೀರು ಬಿಟ್ಟಿದ್ದಾರೆ. ಕೇಳಿದರೆ ಎಲ್ಲರೂ "ನಮ್ಮನೇದಲ್ಲ" ಅನ್ನೋರೇ. ಸರಿ, ಬಟ್ಟೆಗೆ ಹಾಕೋ ನೀಲಿ ಬಾಟಲಿ ತಗೊಂಡೆ. ಎಲ್ಲ ಬಾವಿಗಳ ಬಾಯಿಗೆ ಮಣ್ಣಿನ ಚೀಲ ಕಟ್ಟಿ, ಒಂದೊಂದೇ ಮನೆಯ ಬಟ್ಟೆ ಒಗೆಯೋ ಜಾಗದಲ್ಲಿ ಒಂದು ಮುಚ್ಚಳ ನೀಲಿ, ಒಂದು ಬಕೆಟ್ ನೀರು ಹುಯ್ಯೋದು. ಮೋರಿ ಹತ್ತಿರ ನನ್ನ ಮಗ ಮೊಬೈಲ್ ಹಿಡಕೊಂಡು ನಿಂತಿರೋದು. ಮೂರು ಭಾನುವಾರ ಹಿಡಿಯಿತು. 19 ಮನೆ ಸಿಕ್ಕವು. ಒಂದು ಸಂಘದ ಖಜಾಂಚಿಯದು. ಒಂದು ನಮ್ಮದೇ! ನಮ್ಮ ಪ್ಲಂಬರ್ ಹತ್ತು ವರ್ಷದ ಹಿಂದೆ ಮಾಡಿಟ್ಟ ಕೆಲಸ, ನನಗೇ ಗೊತ್ತಿರಲಿಲ್ಲ. ಪೈಪ್ ತಿರುಗಿಸೋಕೆ ಮನೆಗೆ ಎರಡು ಸಾವಿರದ ಆಸುಪಾಸು ಆಯಿತು. ಕೊನೆಯ ಮೂರು ಮನೆಯವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವರನ್ನ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಈ ಕೆಲಸ ಆಗೋವರೆಗೂ ಚೀಲ ತೆಗೆಯಲಿಲ್ಲ, ಜುಲೈ ಪೂರ್ತಿ ಮಳೆ ಚರಂಡಿ ಪಾಲಾಯಿತು. ಹೊಟ್ಟೆ ಉರಿಯಿತು.

ಅದರ ನಡುವೆ ಹಳೇ ಬಾವಿ. ಬಡಾವಣೆ ಆಗೋಕೆ ಮುಂಚೆ ಇದು ರಾಗಿ ಹೊಲ. ಪಾರ್ಕಿನ ಮೂಲೆಯಲ್ಲಿ ಕಲ್ಲು ಕಟ್ಟಿದ 35 ಅಡಿ ಬಾವಿ ಇತ್ತು. ನಾವೇ ಅದನ್ನ ಕಸದ ತೊಟ್ಟಿ ಮಾಡಿದ್ದೆವು. ಒಂಬತ್ತು ಟ್ರ್ಯಾಕ್ಟರ್ ಲೋಡು ತೆಗೆಸಿದೆ. ಕಟ್ಟಡದ ಕಲ್ಲುಮಣ್ಣು, ಟೈರು, ಮೂರು ತೂತು ಬಿಂದಿಗೆ, ಲೆಕ್ಕವಿಲ್ಲದಷ್ಟು ಗಣೇಶ. 1 ಲಕ್ಷ 10 ಸಾವಿರ ಆಯಿತು. ತಳ ಕಂಡಾಗ ಬರೀ ತೇವ. "ದುಡ್ಡು ನೀರಿಗೆ ಹಾಕಿದ್ರಿ ಅನ್ನೋ ಹಾಗೂ ಇಲ್ಲ, ನೀರೇ ಇಲ್ಲ" ಅಂದರು ಎದುರು ಮನೆಯವರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ.

ಆ ಅಕ್ಟೋಬರಿನ ಮಳೆ ನಿಮಗೆ ನೆನಪಿರಬಹುದು. ಊರೆಲ್ಲ ಮುಳುಗಿತ್ತು. ನಮ್ಮ ಕೆಳಗಿನ ಅಡ್ಡರಸ್ತೆಯಲ್ಲಿ ಪ್ರತಿ ವರ್ಷ ಮೊಣಕಾಲುದ್ದ ನಿಲ್ಲೋ ನೀರು ಆ ಸಲ ಪಾದ ಮುಳುಗುವಷ್ಟಿತ್ತು. ಇದನ್ನ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಬೋನಸ್. ನವೆಂಬರಿನಲ್ಲಿ ಹಗ್ಗಕ್ಕೆ ಬೋಲ್ಟ್ ಕಟ್ಟಿ ಹಳೇ ಬಾವಿಗೆ ಬಿಟ್ಟೆ. 11 ಅಡಿಗೇ ನೀರು. ಪ್ರತಿ ಸೋಮವಾರ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮುಂದಿನ ಮೇನಲ್ಲಿ 21ಕ್ಕೆ ಇಳಿದಿತ್ತು, ಬತ್ತಲಿಲ್ಲ.

ಖರ್ಚು ನೆನಪಿನಿಂದ ಹೇಳ್ತೀನಿ. ಕೆಲಸ ಮಾಡೋ 11 ಬಾವಿಗೆ ಚೇಂಬರ್ ಸೇರಿ ತಲಾ 40 ಸಾವಿರ. ಕೆಟ್ಟ ಮೂರಕ್ಕೆ ಒಟ್ಟು 70 ಸಾವಿರ. ಹಳೇ ಬಾವಿ, ಪಂಪು, ಪೈಪು ಎಲ್ಲ ಸೇರಿ 6 ಲಕ್ಷ 80 ಸಾವಿರದ ಹತ್ತಿರ. ಮನೆಗೆ ಎಂಟೆಂಟು ಸಾವಿರ ಎತ್ತಿದೆವು. ಒಂಬತ್ತು ಮನೆ ಇವತ್ತಿಗೂ ಕೊಟ್ಟಿಲ್ಲ. ಉಳಿದಿದ್ದನ್ನ ಬೋರ್ ಹೊಡೆಸೋಕೆ ಇಟ್ಟಿದ್ದ ದುಡ್ಡಿನಲ್ಲಿ ಸರಿದೂಗಿಸಿದೆವು. 1,200 ಅಡಿ ಬೋರಿಗೆ ಮೋಟಾರ್ ಸೇರಿ ನಾಲ್ಕೂವರೆ ಲಕ್ಷ ಹೇಳಿದ್ದರು, ನೀರಿಗೆ ಗ್ಯಾರಂಟಿ ಇಲ್ಲ.

ಈಗ ಹಳೇ ಬಾವಿ ದಿನಕ್ಕೆ 15ರಿಂದ 18 ಸಾವಿರ ಲೀಟರ್ ಕೊಡುತ್ತೆ. ಕ್ಲೋರಿನ್ ಹಾಕಿ ಸಂಪಿಗೆ ಬಿಡ್ತೀವಿ. ಕುಡಿಯೋಕೆ ಅಲ್ಲ. ಲ್ಯಾಬಿಗೆ ಕೊಟ್ಟಾಗ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಬಂದಿತ್ತು, ಮುಚ್ಚಿಡೋದೇನಿಲ್ಲ. ಆದರೆ ಟಿಡಿಎಸ್ (ನೀರಿನಲ್ಲಿ ಕರಗಿರೋ ಲವಣ) ಬೋರಿನ ನೀರಿನ ಅರ್ಧ, ಗೀಸರ್ ಕಾಯಿಲ್ ಹೋಗೋದು ನಿಂತಿದೆ. ಬೇಸಿಗೆಯಲ್ಲಿ ಎರಡು ದಿನಕ್ಕೊಂದು ಟ್ಯಾಂಕರ್ ಈಗಲೂ ತರಿಸ್ತೀವಿ. ಪೂರ್ತಿ ನಿಂತಿದೆ ಅಂತ ಸುಳ್ಳು ಹೇಳಲ್ಲ.

ಸೊಳ್ಳೆಗೆ ಅಂತ ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೆ, ಮೊದಲ ಸಲ ಕ್ಲೋರಿನ್ನನ್ನ ಬಾವಿಗೇ ಹಾಕಿ ಎಲ್ಲ ಸತ್ತವು. ಎರಡನೇ ಸಲ ಬಿಟ್ಟಿದ್ದು ಮರಿ ಹಾಕಿವೆ. ಬಂಡೆ ಸಿಕ್ಕ ಎರಡು ಗುಂಡಿಗಳನ್ನ ಮುಚ್ಚಿಸಿಲ್ಲ. ಪಾರ್ಕಿನ ತರಗೆಲೆಯೆಲ್ಲ ಅಲ್ಲಿಗೇ ಹೋಗುತ್ತೆ. ಹೋದ ತಿಂಗಳು ಹದಿನಾಲ್ಕು ಚೀಲ ಗೊಬ್ಬರ ಬಂತು, ಚೀಲಕ್ಕೆ 150ರಂತೆ ಮಾರಿ ಹೋಯಿತು. ದುಡ್ಡು ಬಾಕಿ ಇಟ್ಟವರೂ ತಗೊಂಡು ಹೋದರು.